ಮೊದಲ ಅರ್ಧ ಗಂಟೆಯ ನೀರು

ನೀವು ನಂಬುವುದಿಲ್ಲ. ಬೇಕಾದರೆ ಪಂಥ ಕಟ್ಟಿ, ನಂಬುವುದಿಲ್ಲ.

ಊರಿಗೆ ನೀರು ಸೋಸಿ ಕಳಿಸುವ ಘಟಕದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ ಇದ್ದರು ಎಂದರೆ, ಅದೇನು ಆಶ್ರಮವೇನಪ್ಪ ಎಂದು ನಗುತ್ತೀರಿ. ಗುರು ಓದಿದ್ದು ಹತ್ತನೆಯ ತರಗತಿ, ಶಿಷ್ಯನದು ಇಂಜಿನಿಯರಿಂಗ್‌ನಲ್ಲಿ ಚಿನ್ನದ ಪದಕ ಎಂದರೆ ಇನ್ನೂ ನಗುತ್ತೀರಿ. ಈಗಲೇ ನಕ್ಕುಬಿಡಿ. ಮುಂದೆ ನಗುವ ಜಾಗ ಕಡಿಮೆ.

ನದಿಯ ದಂಡೆ. ಎಂಟು ತೊಟ್ಟಿ, ತೊಟ್ಟಿಗಳ ತುಂಬ ಮರಳು. ನದಿಯ ನೀರು ಆ ಮರಳಿನಲ್ಲಿ ಇಳಿದು, ಸೋಸಿ, ಊರಿಗೆ ಹೋಗುತ್ತದೆ. ಮೂವತ್ತೊಂದು ವರ್ಷದಿಂದ ಅವನ್ನು ನೋಡಿಕೊಂಡು ಬಂದವರು ದಸ್ತಗೀರ ಸಾಹೇಬರು. ಎಲ್ಲರ ಬಾಯಲ್ಲೂ ಉಸ್ತಾದ್.

ಅವರ ಕೈಕೆಳಗೆ ಕಲಿಯಲು ಬಂದವನು ಟ್ರೈನಿ ಇಂಜಿನಿಯರ್ ಕರಿಬಸವ. ಹಿರೇಹೊಸಳ್ಳಿಯಲ್ಲಿ ಹುಟ್ಟಿದ ಮೊದಲ ಇಂಜಿನಿಯರ್ ತಾನು ಎನ್ನುವುದನ್ನು ಅವನು ಮರೆಯುತ್ತಿರಲಿಲ್ಲ, ಬೇರೆಯವರಿಗೂ ಮರೆಯಗೊಡುತ್ತಿರಲಿಲ್ಲ. ಗೇಟಿನ ಕಾವಲುಗಾರನಿಗೂ ಪದಕದ ಫೋಟೊ ತೋರಿಸಿದ್ದ.

ಮೊದಲ ವಾರವೇ ಅವನ ಕಣ್ಣಿಗೆ ಒಂದು ಸಂಗತಿ ಚುಚ್ಚಿತು.

ಮರಳು ಕೊಳೆಯಾದಾಗ ಕೆಳಗಿನಿಂದ ನೀರು ನುಗ್ಗಿಸಿ ತೊಳೆಯುತ್ತಾರೆ. ತೊಳೆದ ಮರಳಿನಿಂದ ಸೋಸಿ ಬರುವ ಮೊದಲ ಅರ್ಧ ಗಂಟೆಯ ನೀರನ್ನು ಉಸ್ತಾದ್ ಊರಿಗೆ ಬಿಡುತ್ತಿರಲಿಲ್ಲ. ಹಳ್ಳಕ್ಕೆ ಬಿಡುತ್ತಿದ್ದರು. ವಾಲ್ವಿನ ಪಕ್ಕ ಕೈಕಟ್ಟಿ ನಿಂತು, ಅದು ಹರಿದು ಹೋಗುವುದನ್ನೇ ನೋಡುತ್ತಿದ್ದರು.

ಕರಿಬಸವ ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬಿಸಿಲಿಗೆ ಎತ್ತಿದ.

“ಉಸ್ತಾದ್, ಇದರಾಗ ಏನಾರ ಕಾಣತೈತೇನ್ರಿ?”

“ಇಲ್ಲ.”

“ಮತ್ತ ಯಾಕ ಚೆಲ್ಲತೀರಿ?”

“ಕಾಣೋದಿಲ್ಲಲ್ಲ, ಅದಕ್ಕ.”

ಕರಿಬಸವ ಜೋರಾಗಿ ನಕ್ಕ. “ನಮ್ಮವ್ವ ಎರಡು ಕೊಡ ನೀರಿಗೆ ಎರಡು ಮೈಲಿ ನಡದಾಳ. ನೀವು ನೋಡಿದ್ರ ಹೊಂಡಗಟ್ಟಲೆ ಹಳ್ಳಕ್ಕ ಸುರೀತೀರಿ. ಮುಂದ ಕ್ಲೋರಿನ್ ಹಾಕತೀವಲ್ಲ, ಉಳಿದಿದ್ದನ್ನ ಅದು ನೋಡಿಕೊಳ್ಳತೈತಿ.”

“ಚೆಲ್ಲು ತಮ್ಮಾ.”

“ಕಾರಣ ಹೇಳ್ರಿ.”

“ಚೆಲ್ಲು.”

ಅವನು ಚೆಲ್ಲಿದ. ಮೂರು ತಿಂಗಳು ಚೆಲ್ಲಿದ, ಹಲ್ಲು ಕಚ್ಚಿಕೊಂಡು.

ಆಮೇಲೆ ಉಸ್ತಾದರ ತಂಗಿಯ ಮಗಳ ನಿಕಾಹ್ ಬಂತು. ಉಸ್ತಾದ್ ಮೂರು ದಿನ ರಜೆ ಹಾಕಿ ಹೋದರು. ತೊಟ್ಟಿಗಳು ಕರಿಬಸವನ ಕೈಗೆ ಬಂದವು.

ತೊಳೆದ ನಂತರ ಐದೇ ನಿಮಿಷ ಹಳ್ಳಕ್ಕೆ ಬಿಟ್ಟ. ಆಮೇಲೆ ಆ ವಾಲ್ವ್ ಮುಚ್ಚಿ ನೀರನ್ನು ಊರಿನ ಕಡೆ ತಿರುಗಿಸಿದ. ಮೂರು ದಿನವೂ ಹಾಗೆಯೇ.

“ಮುದುಕರಿಗೆ ಮೂವತ್ತೊಂದು ವರ್ಷ ಕಾಣದ್ದು ನನಗ ಮೂರು ತಿಂಗಳಾಗ ಕಂಡಿತು ನೋಡು,” ಎಂದ ಪಂಪ್ ನೋಡಿಕೊಳ್ಳುವ ನಾಗೋಜಿಗೆ.

“ಕಾಣದ ಇರತೈತೇನು? ಪದಕದ ಹಂಗ ಕಣ್ಣೂ ಚಿನ್ನದ್ದಲ್ಲೇನಪ್ಪ ನಿಂದು,” ಎಂದ ನಾಗೋಜಿ, ಬೀಡಿ ಕಚ್ಚಿಕೊಂಡೇ.

ನಾಲ್ಕನೆಯ ದಿನ ಬೆಳಿಗ್ಗೆ ಉಸ್ತಾದ್ ಸಿಹಿಯ ಡಬ್ಬಿ ಹಿಡಿದುಕೊಂಡು ಬಂದರು. ಕರಿಬಸವ ಗೇಟಿನಲ್ಲೇ ಎದುರಾದ.

“ಉಸ್ತಾದ್, ಆರು ಲಕ್ಷ ಲೀಟರ್ ಉಳಿಸೀನ್ರಿ! ಅರ್ಧ ಗಂಟೆದ್ದು ಐದು ನಿಮಿಷಕ್ಕ ತಂದೀನಿ. ಮೊದಲ ಪೇಡೆ ನನಗ ಕೊಡ್ರಿ.”

ಉಸ್ತಾದ್ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟರು. ನೇರ ತೊಟ್ಟಿಗಳ ಕಡೆ ನಡೆದರು. ಅವರು ಓಡಿದಂತೆ ನಡೆದದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ. ಹಳ್ಳದ ವಾಲ್ವ್ ತೆರೆದರು.

ಮರುದಿನ ಮಂಡಕ್ಕಿ ಭಟ್ಟಿ ಓಣಿಯಿಂದ ಹನ್ನೊಂದು ಜನ ವಾಂತಿಭೇದಿಯೆಂದು ಆಸ್ಪತ್ರೆ ಸೇರಿದರು. ಅದರ ಮರುದಿನ ನಲವತ್ತು. ಮೂರನೆಯ ದಿನ ಮಂಡಕ್ಕಿ ಹುರಿಯುವ ಹುಲುಗಪ್ಪನ ಹೆಂಡತಿ ಈರಮ್ಮ ತೀರಿಕೊಂಡಳು.

ಅಧಿಕಾರಿಗಳು ಬಂದರು. ಓಣಿಯಲ್ಲಿ ಅಗೆಸಿದರು. ಚರಂಡಿಯ ಮಗ್ಗುಲಲ್ಲೇ ಒಂದು ಪೈಪ್ ಬಿರುಕು ಬಿಟ್ಟಿತ್ತು. ಕಾರಣ ಪೈಪ್ ಎಂದು ಬರೆದುಕೊಂಡು ಹೋದರು.

ಕರಿಬಸವ ಘಟಕದ ದೊಡ್ಡ ಇಂಜಿನಿಯರರ ಕೋಣೆಗೆ ಹೋಗಿ, ಆ ಮೂರು ದಿನ ತಾನು ಮಾಡಿದ್ದನ್ನು ಒಂದೂ ಬಿಡದೆ ಹೇಳಿದ.

“ಬೇರೆ ಯಾರ ಹತ್ತಿರ ಹೇಳಿದ್ದೀಯ?” ಎಂದರು ಅವರು.

“ಯಾರಿಗೂ ಇಲ್ಲ ಸರ್.”

“ಕಾರಣ ಸಿಕ್ಕಾಗಿದೆ. ಎರಡನೇ ಕಾರಣ ಯಾರಿಗೂ ಬೇಡ. ಹೋಗಿ ಕೆಲಸ ನೋಡು.”

ಕೆಲಸ ನೋಡಲು ಆಗಲಿಲ್ಲ. ಊಟದ ಡಬ್ಬಿ ತೆರೆಯದೆ ವಾಪಸು ಹೋಗುತ್ತಿತ್ತು. ಅಷ್ಟು ಮಾತಾಡುವವನು ಮಾತು ಬಿಟ್ಟ. ನಾಗೋಜಿ ಕೆಣಕಿ ನೋಡಿದ, ಬೈದು ನೋಡಿದ, ಕೊನೆಗೆ ತಾನೂ ಸುಮ್ಮನಾದ. ಕರಿಬಸವ ಮುಖ ತೊಳೆಯಲು ನಲ್ಲಿ ತಿರುಗಿಸುವನು, ಬರುವ ನೀರನ್ನು ನೋಡುವನು, ತೊಳೆಯದೆ ಮುಚ್ಚುವನು.

ಈರಮ್ಮ ತೀರಿಕೊಂಡ ಒಂಬತ್ತನೆಯ ದಿನ ಉಸ್ತಾದರ ಮುಂದೆ ಬಂದು ನಿಂತ.

“ನನ್ನ ನೀರೋ ಉಸ್ತಾದ್, ಪೈಪೋ?”

“ಗೊತ್ತಿಲ್ಲ.”

“ಮೂವತ್ತೊಂದು ವರ್ಷ ನೋಡೀರಿ. ಒಂದು ಅಂದಾಜಾರ ಹೇಳ್ರಿ.”

“ಆ ಮೂರು ದಿನದ ನೀರು ಕುಡಿದೂ ಆತು, ಹರಿದೂ ಆತು. ಈಗ ಯಾವ ಲ್ಯಾಬಿನಾಗೂ ಅದು ಸಿಗೋದಿಲ್ಲ.”

“ಹಂಗಾರ ನಾನ ಅಂತ ಹೇಳ್ರಿ! ನೀನ ಕೊಂದಿ ಅಂತ ಹೇಳ್ರಿ. ಒಂದು ಕಡೆ ಆಗಲಿ.”

ಉಸ್ತಾದ್ ತೊಟ್ಟಿಯ ಕಡೆ ಕೈ ತೋರಿಸಿದರು.

“ತೊಳೆದ ಮರಳು ಸಡಲ ಇರತೈತಿ ತಮ್ಮಾ. ಕೂಡ್ರಾಕ ಅರ್ಧ ಗಂಟೆ ಬೇಕು. ಅಲ್ಲಿತನಕ ಅದು ಹೊಲಸ ತಡಿಯೋದಿಲ್ಲ. ಕಣ್ಣಿಗೆ ಕಾಣದ ಕೆಲವು ಹುಳ ಕ್ಲೋರಿನ್ನಿಗೂ ಸಾಯೋದಿಲ್ಲ. ಅವನ್ನ ಮರಳೇ ಹಿಡೀಬೇಕು.”

ಕರಿಬಸವ ಒಂದು ಹೆಜ್ಜೆ ಮುಂದೆ ಬಂದ. “ಇದನ್ನ ಅವತ್ತ ಯಾಕ ಹೇಳಲಿಲ್ಲ?”

“ಒಂದ ನಿಮಿಷದ ಮಾತು. ಹೇಳಲಿಲ್ಲ. ಚೆಲ್ಲು ಅಂದೆ. ಕಾಣೋದಿಲ್ಲ ಅದಕ್ಕ ಚೆಲ್ಲು ಅಂದೆ, ದೊಡ್ಡ ಫಕೀರನಂಗ. ಕಾರಣ ಕೇಳಿದ ಹುಡುಗನ ಮುಂದ ಜಾಣತನ ತೋರಿಸಿದೆ.” ಅವರು ಕರಿಬಸವನ ಕಡೆ ತಿರುಗಿದರು. “ಇಂಜಿನಿಯರ್ ಅಲ್ಲೇನು ನೀನು? ಇದರಾಗ ನಿಂದೆಷ್ಟು, ನಂದೆಷ್ಟು, ಪೈಪಿಂದೆಷ್ಟು, ಅಳೆದು ಹೇಳು ನೋಡೋಣ.”

ಕರಿಬಸವ ಜೇಬಿನಿಂದ ರಾಜೀನಾಮೆ ಪತ್ರ ತೆಗೆದು ಚಾಚಿದ.

ಉಸ್ತಾದ್ ಅದನ್ನು ಮುಟ್ಟಲಿಲ್ಲ. “ಚಪ್ಪಲಿ ಮೆಟ್ಟಿಕೋ,” ಎಂದರು.

ನೆತ್ತಿ ಸುಡುವ ಬಿಸಿಲು. ಇಬ್ಬರೂ ನಡೆದೇ ಮಂಡಕ್ಕಿ ಭಟ್ಟಿ ಓಣಿಗೆ ಬಂದರು. ಗೋಡೆಗಳೆಲ್ಲ ಹೊಗೆಗೆ ಕಪ್ಪಾಗಿದ್ದವು. ಹುಲುಗಪ್ಪ ಭಟ್ಟಿಯ ಮುಂದೆ ಅಕ್ಕಿ ಹುರಿಯುತ್ತಿದ್ದ. ಮೈಯೆಲ್ಲ ಬೂದಿ.

ಉಸ್ತಾದ್ ಸಲಾಮು ಮಾಡಿದರು. “ನೀರಿನ ಘಟಕದವರಪ್ಪ ನಾವು.”

ಕರಿಬಸವ ಕಾಯಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟ. ಅರ್ಧ ಗಂಟೆ, ಐದು ನಿಮಿಷ, ಮೂರು ದಿನ. ಕೊನೆಗೆ, “ಆ ನೀರು ಬಿಟ್ಟಾಂವ ನಾನ ರೀ ಅಜ್ಜಾ. ನಿಮಗೇನು ಅನ್ನಸತೈತೋ ಮಾಡ್ರಿ,” ಎಂದ.

ಹುಲುಗಪ್ಪ ಕೈಯಾಡಿಸುವುದನ್ನು ನಿಲ್ಲಿಸಿದ. ಅವನ ಮುಖ ನೋಡಿದ.

“ಆಫೀಸಿನವರು ಪೈಪ್ ಅಂದ್ರು,” ಎಂದ. “ಡಾಕ್ಟ್ರು ವಯಸ್ಸು ಅಂದ್ರು. ಮಗಳು ನನಗ ಬೈತಾಳ, ತಡಾ ಮಾಡಿ ದವಾಖಾನಿಗೆ ಒಯ್ದಿ ಅಂತ. ಈಗ ನೀ ಬಂದು ನಾನ ಅಂತೀ. ಎಷ್ಟು ಮಂದಿ ಕೊಂದೀರೋ ಅಕೀನ್ನ.”

ಬಾಣಲೆಯಲ್ಲಿ ಅಕ್ಕಿ ಸಿಡಿಯುತ್ತಿತ್ತು.

“ಬಿಸಲಾಗ ಬಂದೀರಿ. ಕೂಡ್ರಿ,” ಎಂದು ಹುಲುಗಪ್ಪ ಒಳಗೆ ಹೋದ.

ಒಳಗೆ ಪಾತ್ರೆಗಳ ಸದ್ದು. ಒಂದನ್ನು ಎತ್ತಿದ, ಇನ್ನೊಂದನ್ನು ಸರಿಸಿದ. “ಎಲ್ಲಿ ಇಡತಿದ್ಲೋ ಏನೋ,” ಎಂದು ಗೊಣಗುವುದು ಕೇಳಿಸಿತು. ಕರಿಬಸವ ನೆಲ ನೋಡುತ್ತಾ ಕುಳಿತ. ಬಹಳ ಹೊತ್ತಿನ ಮೇಲೆ ಹುಲುಗಪ್ಪ ಒಂದು ಚೊಂಬು ಹಿಡಿದು ಬಂದ, ಅದನ್ನು ಅವನ ಕೈಗೆ ಕೊಟ್ಟ. “ಅಕ್ಕಿ ಹೊತ್ತತಾವ,” ಎಂದು ಭಟ್ಟಿಯ ಕಡೆ ತಿರುಗಿದ. ಮತ್ತೆ ಇವರತ್ತ ನೋಡಲಿಲ್ಲ.

ಕರಿಬಸವ ಚೊಂಬಿನೊಳಗೆ ನೋಡಿದ, ಕುಡಿಯಲಿಲ್ಲ.

“ಬೈಯಲಿಲ್ಲ ಉಸ್ತಾದ್,” ಎಂದ ಪಿಸುದನಿಯಲ್ಲಿ. “ಹೊಡೀಲಿಲ್ಲ. ಹೋಗಲಿ ಬಿಡು ಅಂತಲೂ ಅನಲಿಲ್ಲ. ಏನು ಕೊಟ್ರು ಇವರು ನನಗ?”

“ನೀರು ಕೊಟ್ಟಾರ,” ಎಂದರು ಉಸ್ತಾದ್. “ಕುಡಿ.”