ಸಿಂಗಾರಪ್ಪನ ಮುದ್ರೆಯ ಕಡಾಣಿ

ಕೇಳ್ರಪ್ಪಾ ಮಕ್ಕಳೇ, ಮನುಷ್ಯರಿಗಿಂತ ಬಂಡಿಗಳೇ ಹೆಚ್ಚಿದ್ದ ಒಂದು ರಾಜ್ಯ ಇತ್ತು. ಅಲ್ಲಿ ಹಾಲಪ್ಪ ಅಂತ ಅರಮನೆಯ ಬಂಡಿ ಹೊಡೆಯುವವನೊಬ್ಬನಿದ್ದ. ಬಂಡಿ ರಾಜನದು, ಎತ್ತುಗಳು ಮಾತ್ರ ಅವನ ಸ್ವಂತದವು. ಹೆಂಡತಿ ಮಕ್ಕಳಷ್ಟೇ ಅವುಗಳ ಮೇಲೂ ಪ್ರೀತಿ.

ಆ ರಾಜ್ಯದಲ್ಲಿ ಅರಮನೆಗೆ ಕಡಾಣಿ ಮಾಡಿಕೊಡಬೇಕಾದರೆ ರಾಜಮುದ್ರೆ ಬೇಕಿತ್ತು. ಕಡಾಣಿ ಅಂದರೆ ಚಕ್ರ ಅಚ್ಚಿನಿಂದ ಕಳಚದ ಹಾಗೆ ತಡೆಯುವ ಕಬ್ಬಿಣದ ಕೀಲು. ಅದು ಮುರಿದರೆ ರಾಜನೂ ಒಂದೇ, ಉಪ್ಪಿನ ಮೂಟೆಯೂ ಒಂದೇ, ಎರಡೂ ಚರಂಡಿಗೆ.

ಕುಲುಮೆ ಮಾಲೀಕ ಸಿಂಗಾರಪ್ಪ ಮುದ್ರೆ ಕೇಳಿದ. ಜರತಾರಿ ಪೇಟದ ಮೂವರು ಪರೀಕ್ಷಕರು ಬಂದರು. ಮೊದಲನೆಯವನು, "ನೆಲ ಗುಡಿಸಿದ್ದೀರಾ?" ಅಂದ. ಸಿಂಗಾರಪ್ಪ ರಂಗೋಲಿಯನ್ನೇ ಹಾಕಿಸಿದ್ದ. ಎರಡನೆಯವನು, "ಕುಲುಮೆಯ ನೀತಿ ಗೋಡೆಗೆ ಬರೆಸಿದ್ದೀರಾ?" ಅಂದ. ಅಂಗೈಯಗಲ ಅಕ್ಷರದಲ್ಲಿ ಬರೆಸಿದ್ದ. ಮೂರನೆಯವನು, "ಕೆಲಸದವರಿಗೆ ಆ ನೀತಿ ಬಾಯಿಪಾಠ ಬರುತ್ತದೋ?" ಅಂದ. ಕೆಲಸದವರಿರಲಿ, ಪಂಜರದ ಗಿಣಿಯೂ "ಗುಣವೇ ನಮ್ಮ ದೇವರು" ಅಂತ ಒಪ್ಪಿಸಿತು. ಮೂವರೂ ತಲೆದೂಗಿ, ಹೋಳಿಗೆ ಊಟ ಹೊಡೆದು, ಮುದ್ರೆ ಒತ್ತಿ ಹೋದರು. ಕಡಾಣಿಯನ್ನು ಒಬ್ಬನೂ ಮುಟ್ಟಲಿಲ್ಲ. ಮುಟ್ಟಿದರೆ ಕೈ ಮಸಿಯಾಗುತ್ತದಲ್ಲ!

ಮುದ್ರೆ ಸಿಕ್ಕಿದ್ದೇ ಸಿಂಗಾರಪ್ಪ ತುಕ್ಕು ಹಿಡಿದ ಚೂರುಪಾರು ಕರಗಿಸಿ, ಎರಕ ಹೊಯ್ದು, ಮೇಲೆ ಎಣ್ಣೆ ಸವರಿ ಅರಮನೆಗೆ ಬುಟ್ಟಿಗಟ್ಟಲೆ ಕಡಾಣಿ ಕಳಿಸಿದ.

ಹಾಲಪ್ಪ ಉಪ್ಪು ಹೇರಿಕೊಂಡು ಹೊರಟ. ಇಳಿಜಾರಿನಲ್ಲಿ ಚಕ್ರ ಕಳಚಿತು. "ಮುದ್ರೆಯ ಕಡಾಣಿ ಮುರಿಯೋದುಂಟೇ? ತಪ್ಪು ರಸ್ತೆಯದು," ಅಂದ ಸಿಂಗಾರಪ್ಪ. ಪರೀಕ್ಷಕರು ಹೌದೌದೆಂದರು. ರಾಜ ರಸ್ತೆಗೆ ಛಡಿಯೇಟು ಹೊಡೆಸಿದ.

ಹಾಲಪ್ಪ ಅಕ್ಕಿ ಹೇರಿಕೊಂಡು ಹೊರಟ. ಮತ್ತೆ ಕಳಚಿತು. "ತಪ್ಪು ಎತ್ತಿನದು," ಅಂದ ಸಿಂಗಾರಪ್ಪ. ಪರೀಕ್ಷಕರು ಹೌದೌದೆಂದರು. ರಾಜ ಎತ್ತುಗಳಿಗೆ ಹಿಂಡಿ ನಿಲ್ಲಿಸಿದ.

ಮೂರನೇ ಸಲ ಬಂಡಿಯಲ್ಲಿ ರಾಜನೇ ಕೂತಿದ್ದ. ಚಕ್ರ ಕಳಚಿತು. ರಾಜ ಕೆಸರಿಗೆ ಬಿದ್ದ, ಕಿರೀಟ ಎಮ್ಮೆಯ ಕೊಂಬಿಗೆ ಸಿಕ್ಕಿಕೊಂಡಿತು. "ತಪ್ಪು ಹಾಲಪ್ಪನದು," ಅಂದ ಸಿಂಗಾರಪ್ಪ. ಪರೀಕ್ಷಕರು ಇನ್ನೂ ಜೋರಾಗಿ ಹೌದೌದೆಂದರು.

"ಎತ್ತು ಇಲ್ಲೇ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ನಾಳೆಯೇ ರಾಜ್ಯ ಬಿಟ್ಟು ತೊಲಗು!" ಅಂತ ರಾಜ ಗುಡುಗಿದ.

ಹಾಲಪ್ಪನಿಗೆ ಉರಿದುಹೋಯಿತು. ಕಂಡವರ ಕಳ್ಳ ಕೆಲಸಕ್ಕೆ ತನ್ನ ಮಕ್ಕಳು ಬೀದಿಪಾಲಾಗಬೇಕೇ? ಆದರೂ ನಗುಮುಖ ಮಾಡಿ ಕೈ ಮುಗಿದ.

"ಆಗ್ಲಿ ಮಹಾಸ್ವಾಮಿ, ಹೋಗ್ತೀನಿ. ಒಂದೇ ಒಂದು ಆಸೆ. ಕರಡಿಗುಡ್ಡದಿಂದ ಒಂದು ಬಂಡಿ ಇಳೀಲಿ. ದಾರಿ ಸಿಂಗಾರಪ್ಪನೋರೇ ಆರಿಸ್ಲಿ. ಎತ್ತು ಅವರೇ ಆರಿಸ್ಲಿ. ಹೊಡೆಯೋನನ್ನೂ ಅವರೇ ಆರಿಸ್ಲಿ. ಬುಟ್ಟಿಯಿಂದ ಕಡಾಣಿ ಮಾತ್ರ ತಾವೇ ಎತ್ತಿಕೊಡಿ. ಬಂಡಿಯೊಳಗೆ ಮುದ್ರೆ ಪಡೆದೋರೂ ಕೊಟ್ಟೋರೂ ಕೂತ್ಕೊಳ್ಲಿ. ಅವರು ಕ್ಷೇಮವಾಗಿ ಇಳಿದ್ರೆ ತಪ್ಪು ನಂದೇ."

ರಾಜನಿಗೆ ಇದು ನ್ಯಾಯವೆನಿಸಿತು. ನಾಲ್ವರನ್ನೂ ಗುಡ್ಡದ ತುದಿಗೆ ಕರೆತಂದರು. ಕೆಳಗೆ ನೋಡಿದರೆ ತಲೆ ತಿರುಗುವ ಇಳಿಜಾರು.

ಸಿಂಗಾರಪ್ಪನಿಗೆ ಆ ಕ್ಷಣವೇ ಹೊಟ್ಟೆನೋವು ಶುರುವಾಯಿತು. ಮೊದಲ ಪರೀಕ್ಷಕನಿಗೆ ಮಂಡಿ ಹಿಡಿಯಿತು. ಎರಡನೆಯವನಿಗೆ ರಾಹುಕಾಲ ನೆನಪಾಯಿತು. ಮೂರನೆಯವನು ಮಾತ್ರ ಮೆಲ್ಲಗೆ, "ಸ್ವಾಮಿ, ಹತ್ತೋ ಮುಂಚೆ ಆ ಕಡಾಣಿ ಒಂದ್ಸಲ ನೋಡಬಹುದಾ?" ಅಂದ.

"ನೋಡಿ ಬುದ್ಧೀ, ಬೇಡ ಅಂದೋರ್ಯಾರು!" ಅಂದ ಹಾಲಪ್ಪ.

ಪರೀಕ್ಷಕ ಕಡಾಣಿಯನ್ನು ಕಲ್ಲಿಗೆ ಬಡಿದ. ಟಪ್ಪನೆ ಎರಡು ತುಂಡು. ಒಳಗೆಲ್ಲ ತೂತು, ಚೆನ್ನಾಗಿ ಉಬ್ಬಿದ ಇಡ್ಲಿಯ ಹಾಗೆ. ಸಿಂಗಾರಪ್ಪ ಅಲ್ಲೇ ರಾಜನ ಕಾಲಿಗೆ ಬಿದ್ದು, "ತುಕ್ಕು ಕಬ್ಬಿಣ ಸ್ವಾಮಿ, ಬಂಡಿ ಹತ್ತಿಸಬೇಡಿ!" ಅಂತ ಗೊಳೋ ಎಂದ.

ಹಾಲಪ್ಪ ಎತ್ತುಗಳ ಜೊತೆ ಮನೆಗೆ ಹೋದ. ಸಿಂಗಾರಪ್ಪನ ಮುದ್ರೆ ಹೋಯಿತು. ಯಾವ ಕುಲುಮೆಯಿಂದ ಹೊಸ ಕಡಾಣಿ ಬಂದರೂ ಮೊದಲ ಬಂಡಿಯಲ್ಲಿ ಆ ನಾಲ್ವರೇ ಕೂತು ಕರಡಿಗುಡ್ಡ ಇಳಿಯಬೇಕೆಂದು ರಾಜಾಜ್ಞೆಯಾಯಿತು. ಪರೀಕ್ಷಕರು ಈಗ ಕಡಾಣಿಯನ್ನು ಬಡಿದು, ಬಾಗಿಸಿ, ಕಚ್ಚಿ ಕೂಡ ನೋಡುತ್ತಾರಂತೆ.

ಕೇಳಿದಿರಲ್ಲ? ಕೆಲಸ ಚೆನ್ನಾಗಿದೆ ಅಂತ ಮುದ್ರೆ ಒತ್ತುವವನು ಮಾಡಿದ ವಸ್ತುವನ್ನು ನೋಡಬೇಕು. ಇನ್ನೊಬ್ಬರ ಪ್ರಾಣಕ್ಕೆ ಭರವಸೆ ಕೊಡುವ ಮೊದಲು, ಅದೇ ಬಂಡಿಯಲ್ಲಿ ತಾನು ಕೂರಬಲ್ಲೆನೇ ಅಂತ ಕೇಳಿಕೊಳ್ಳಬೇಕು.