ಕೊಟ್ರಪ್ಪನ ಗುಟ್ಟಿನ ವಾಲ್ವು

"ಬುದ್ಧಿ, ನಾನು ಕಲಿತದ್ದನ್ನೆಲ್ಲ ಇನ್ನೊಬ್ಬರಿಗೆ ಹೇಳಿಕೊಟ್ಟುಬಿಟ್ಟರೆ, ಆಮೇಲೆ ನನ್ನನ್ನು ಯಾರು ಕೇಳುತ್ತಾರೆ?"

ಹೀಗೆ ಕೇಳಿದವನು ಚೆನ್ನವೀರ. ಮಠದಲ್ಲಿ ಹೊಟ್ಟೆನೋವಿನ ಚೂರ್ಣ ಕುಟ್ಟುವ ಶಿಷ್ಯ. ಆ ಚೂರ್ಣಕ್ಕಾಗಿ ದೂರದ ಊರುಗಳಿಂದ ಜನ ಬರುತ್ತಿದ್ದರು. ಅದಕ್ಕೆ ಯಾವ ಬೇರು, ಯಾವ ತೊಗಟೆ ಎನ್ನುವುದನ್ನು ಮಠದ ಮುದಿ ವೈದ್ಯರು ಸಾಯುವ ಮುಂಚೆ ಅವನಿಗೆ ಹೇಳಿಕೊಟ್ಟಿದ್ದರು. ಇನ್ನಿಬ್ಬರಿಗೆ ಕಲಿಸು ಎಂದು ಗುರುಗಳು ಹೇಳಿ ಬಹಳ ದಿನವಾಗಿತ್ತು. ಚೆನ್ನವೀರ ಮಾತ್ರ ಬಾಗಿಲಿಗೆ ಅಗುಳಿ ಹಾಕಿಕೊಂಡೇ ಕುಟ್ಟುತ್ತಿದ್ದ.

ಗುರುಗಳು ಅವನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಕೂತುಕೋ. ಒಬ್ಬ ನಲ್ಲಿ ಕಂಟ್ರಾಕ್ಟರನ ಕತೆ ಇದೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ," ಎಂದು ಹೇಳತೊಡಗಿದರು.

ಹೊಳೆದಂಡೆಯ ಒಂದು ಪೇಟೆಯಲ್ಲಿ ಕೊಟ್ರಪ್ಪ ಅಂತ ಒಬ್ಬನಿದ್ದ. ಮನೆಗಳಿಗೆ ಪೈಪು ಎಳೆಯುವುದು, ಟ್ಯಾಂಕು ಕೂರಿಸುವುದು, ಮಾಳಿಗೆಯ ಮೇಲೆ ಬಿಸಿನೀರಿನ ಸೋಲಾರ್ ಇಡುವುದು, ಲಾಡ್ಜುಗಳಿಗೆ ಬಾಯ್ಲರ್ ಹಾಕುವುದು ಅವನ ಕಸುಬು. ಕೆಲಸ ಬಲು ಚೊಕ್ಕ. ಅವನು ಬಿಗಿದ ನಲ್ಲಿ ತೊಟ್ಟಿಕ್ಕಿದ್ದನ್ನು ಕಂಡವರಿಲ್ಲ. ಆದರೂ ಅವನ ಹೊಟ್ಟೆಯಲ್ಲಿ ಒಂದು ಉರಿ ಇತ್ತು. ನಿನ್ನ ಚೂರ್ಣ ನಾಟುವ ಉರಿಯಲ್ಲ ಬಿಡು ಅದು.

ಏನಪ್ಪಾ ಉರಿ ಅಂದರೆ, ಪಾಯ ತೆಗೆದ ದಿನದಿಂದ ಇವನು ಬಿಸಿಲಲ್ಲಿ ನಿಂತು ಮನೆಯ ನೀರಿನ ಕೆಲಸವನ್ನೆಲ್ಲ ಮಾಡಬೇಕು. ಗೃಹಪ್ರವೇಶದ ದಿನ ಮನೆಯವರು ಕರೆದು ಹೋಳಿಗೆ ಬಡಿಸುತ್ತಾರೆ. ಆಮೇಲೆ ಒಂದು ನಲ್ಲಿ ಕೆಟ್ಟಿತು ಅಂದರೆ, ಬೀದಿಯಲ್ಲಿ ಹೋಗುವ ಯಾವನನ್ನೋ ಅಗ್ಗಕ್ಕೆ ಹಿಡಿದು ತರುತ್ತಾರೆ. ಇನ್ನು ಅವನ ಕೈಕೆಳಗೆ ಕೆಲಸಕ್ಕೆ ಬಂದವರ ಕತೆ ಕೇಳಲೇಬೇಡ. ಮಳೆಗಾಲದಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿಯಲು ಬಾರದವನು ಬೇಸಿಗೆಯ ಹೊತ್ತಿಗೆ ಬೈಕಿನ ಹಿಂದೆ ತನ್ನ ಹೆಸರು ಬರೆಸಿಕೊಂಡು ತಾನೇ ಕಂಟ್ರಾಕ್ಟರ್ ಆಗಿಬಿಡುತ್ತಿದ್ದ. ಆಗಿ, ಇವನ ಗಿರಾಕಿಯನ್ನೇ ಹೊಡೆಯುತ್ತಿದ್ದ.

"ನನ್ನಿಂದಲೇ ಕಲಿತು ನನ್ನ ತಲೆ ಮೇಲೇ ಕೂರ್ತಾರೆ ನೋಡು," ಎಂದು ಕೊಟ್ರಪ್ಪ ಹೆಂಡತಿಯ ಮುಂದೆ ಗೊಣಗಿದ.

ಹೆಂಡತಿ ಸಾವಂತ್ರಮ್ಮ ಅವನ ಬೋಳು ತಲೆಯನ್ನು ನೋಡಿ, "ಕೂರ್ಲಿ ಬಿಡ್ರೀ. ಹಿಡ್ಕೊಳ್ಳೋಕೆ ಏನೈತೆ ಅಲ್ಲಿ? ಜಾರಿ ಬೀಳ್ತಾರೆ," ಅಂದಳು.

ಕೊಟ್ರಪ್ಪ ನಗಲಿಲ್ಲ. ಯೋಚನೆ ಮಾಡಿ ಮಾಡಿ ಒಂದು ಉಪಾಯ ಹೂಡಿದ. ಅಂದಿನಿಂದ ಅವನು ಕೆಲಸ ಮಾಡಿದ ಪ್ರತಿ ಕಟ್ಟಡದಲ್ಲೂ ಎರಡು ವಾಲ್ವು ಇರತೊಡಗಿದವು. ಒಂದು ಎಲ್ಲರ ಕಣ್ಣಿಗೆ ಕಾಣುವಂತೆ ಗೋಡೆಯ ಮೇಲೆ, ಕೆಂಪು ಚಕ್ರದ್ದು. ತಿರುಗಿಸಿದರೆ ಚೆನ್ನಾಗಿ ತಿರುಗುತ್ತಿತ್ತು. ನೀರು ಮಾತ್ರ ತನ್ನ ಪಾಡಿಗೆ ತಾನು ಹರಿಯುತ್ತಿತ್ತು. ನಿಜಕ್ಕೂ ನೀರು ನಿಲ್ಲಿಸುವ ವಾಲ್ವು ಬೇರೆ ಇತ್ತು. ಅದು ಒಂದು ಮನೆಯಲ್ಲಿ ಅಟ್ಟದ ಹಲಗೆಯ ಹಿಂದೆ, ಇನ್ನೊಂದು ಮನೆಯಲ್ಲಿ ತುಳಸಿಕಟ್ಟೆಯ ಪಕ್ಕದ ಕಲ್ಲಿನಡಿ, ಮತ್ತೊಂದರಲ್ಲಿ ಬಚ್ಚಲಿನ ಸಡಿಲ ಟೈಲ್ಸಿನ ಹಿಂದೆ. ಕದ್ದ ಬಂಗಾರ ಹೂತಿಡುವವರ ಹಾಗೆ ಈ ಮಹಾರಾಯ ವಾಲ್ವು ಹೂತಿಟ್ಟ.

ಶುರುವಾಯಿತು ನೋಡು ಮಜಾ. ನಲ್ಲಿ ಕೆಟ್ಟ ಮನೆಗೆ ಅಗ್ಗದ ರಿಪೇರಿಯವನು ಬರುವನು. ಕೆಂಪು ಚಕ್ರವನ್ನು ಜೋರಾಗಿ ತಿರುಗಿಸುವನು. ನೀರು ನಿಂತಿತೆಂದು ನಂಬಿ ನಲ್ಲಿ ಬಿಚ್ಚುವನು. ಅವನ ಮುಖಕ್ಕೆ ಒಳ್ಳೆಯ ಅಭಿಷೇಕವಾಗುವುದು. ಅವನು ಪಾನಾ ಬಿಟ್ಟು ಓಡಿಹೋದ ಮೇಲೆ ಮನೆಯವರು ಬಾಯಿ ಬಾಯಿ ಬಡಿದುಕೊಂಡು ಕೊಟ್ರಪ್ಪನಿಗೆ ಫೋನು ಮಾಡುವರು.

ಕೊಟ್ರಪ್ಪ ಬರುವ ಠೀವಿಯೇ ಬೇರೆ. ಬಂದವನು ಮನೆಯ ಯಜಮಾನನನ್ನು, "ಸ್ವಾಮಿ, ನೀವು ಬೀದಿಗೆ ಹೋಗಿ ಮೀಟರ್ ನೋಡ್ತಾ ನಿಲ್ಲಿ," ಎಂದು ಆಚೆಗೆ ಅಟ್ಟುವನು. ಮನೆಯೊಡತಿಗೆ ಹಿತ್ತಲ ನಲ್ಲಿಯ ಕಾವಲು. ಜೊತೆಗಿದ್ದ ಕೆಲಸಗಾರ ಮಾಬುಸಾಬನಿಗೆ ಚಹಾ ತರುವ ಕೆಲಸ. ಎಲ್ಲರೂ ಹೋದ ಮೇಲೆ ಗುಟ್ಟಿನ ವಾಲ್ವು ತಿರುಗಿಸಿ, ಏನೂ ಅರಿಯದವನಂತೆ ಬಂದು ನಿಲ್ಲುವನು. ನೀರು ನಿಂತಿರುವುದು. "ಕೊಟ್ರಪ್ಪನ ಕಂಡ್ರೆ ನೀರಿಗೂ ಹೆದರಿಕೆ ಕಣ್ರೀ," ಎಂದು ಜನ ಬಾಯಿ ಮೇಲೆ ಬೆರಳಿಟ್ಟುಕೊಂಡರು.

ಮಾಬುಸಾಬನ ವಿಷಯ ಹೇಳಲೇಬೇಕು. ಮದುವೆಯಾಗಿ ಮಕ್ಕಳಿದ್ದ ಗಂಡಸು. ಎಲ್ಲರೂ ಕಲಿತು ಬಿಟ್ಟುಹೋದರೂ ಇವನೊಬ್ಬ ಹೋಗಿರಲಿಲ್ಲ. ಕೊಟ್ರಪ್ಪನನ್ನು ಸ್ವಂತ ಅಣ್ಣನಂತೆ ನೋಡುತ್ತಿದ್ದ. ಪೈಪಿನ ಕೆಲಸವೆಲ್ಲ ಬಲ್ಲ, ವಾಲ್ವು ಎಲ್ಲಿದೆ ಎಂಬುದೊಂದನ್ನು ಬಿಟ್ಟು. ನೀರು ನಿಲ್ಲಿಸುವ ಹೊತ್ತಿಗೆ ಸರಿಯಾಗಿ ಅವನ ಕೈಗೆ ಚಹಾದ ಫ್ಲಾಸ್ಕು ಬರುತ್ತಿತ್ತು.

"ಅಣ್ಣಾ, ಈಗಷ್ಟೇ ಕುಡಿದ್ವಲ್ಲ."

"ಇನ್ನೊಂದು ಕುಡಿಯೋಣ, ಹೋಗೋ ಮಾರಾಯ."

ಹೀಗೆ, ಪೇಟೆಯ ಯಾವ ಓಣಿಯಲ್ಲಿ ಯಾರ ಚಹಾ ಹೇಗೆ ಎಂಬ ವಿದ್ಯೆಯಲ್ಲಿ ಮಾಬುಸಾಬ ದೊಡ್ಡ ಪಂಡಿತನಾದ.

ಕೊಟ್ರಪ್ಪನ ಹೆಸರು ಬೆಳೆಯಿತು. ಹಾಸ್ಟೆಲ್ಲು, ಲಾಡ್ಜು, ಕಲ್ಯಾಣ ಮಂಟಪ ಎಲ್ಲ ಅವನ ಕೈಗೆ ಬಂದವು. ಫೋನು ಬಿಡುವಿಲ್ಲದೆ ಹೊಡೆದುಕೊಳ್ಳತೊಡಗಿತು. ಕ್ಷೌರಕ್ಕೆ ಕೂತರೆ ಅರ್ಧ ಗಡ್ಡಕ್ಕೇ ಎದ್ದು ಓಡಬೇಕಾಯಿತು. ತನ್ನದೇ ಬಚ್ಚಲಲ್ಲಿ ಮೈಗೆ ಸೋಪು ಹಚ್ಚಿಕೊಂಡವನು ಹಾಗೇ ಅಂಗಿ ತೊಟ್ಟು ಇನ್ನೊಬ್ಬರ ಬಚ್ಚಲಿಗೆ ಹೋದದ್ದೂ ಉಂಟು. ಒಮ್ಮೆ ಚಳಿಜ್ವರ ಬಂದು ಮಲಗಿದ್ದಾಗ ಹಾಸ್ಟೆಲ್ಲಿನ ಹುಡುಗರು ಬಂದು, ಕಂಬಳಿ ಸುತ್ತಿ, ಕುರ್ಚಿ ಸಮೇತ ಹೊತ್ತುಕೊಂಡು ಹೋದರು. ಜ್ವರದಲ್ಲೂ ಅವರನ್ನೆಲ್ಲ ಆಚೆ ಕಳಿಸಿ, ವಾಲ್ವು ತಿರುಗಿಸಿ, ಮತ್ತೆ ಕುರ್ಚಿಯಲ್ಲಿ ಕೂತು ನಡುಗಿದ ಪುಣ್ಯಾತ್ಮ.

ಬೇಸರವೇನಾದರೂ ಆಯಿತೇ? ಎಲ್ಲಿಯ ಬೇಸರ! "ನಾನಿಲ್ಲದಿದ್ರೆ ಈ ಊರು ಮುಳುಗಿಹೋಗುತ್ತೆ," ಎಂದು ಎದೆ ಸೆಟೆಸಿ ಹೇಳಿಕೊಂಡು ತಿರುಗುತ್ತಿದ್ದ. ಅದೊಂದು ಸುಖ ಕಣಪ್ಪ. ಅದರ ರುಚಿ ಹತ್ತಿದವನಿಗೆ ಬೇರೆ ಊಟ ಸೇರುವುದಿಲ್ಲ.

ಸಾವಂತ್ರಮ್ಮನಿಗೆ ಮಾತ್ರ ಒಂದೇ ಒಂದು ಆಸೆ ಇತ್ತು, ಸಮುದ್ರ ನೋಡಬೇಕೆಂದು. ಗೋಕರ್ಣಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮದುವೆಯಾದ ವರ್ಷವೇ ಕೊಟ್ರಪ್ಪ ಮಾತು ಕೊಟ್ಟಿದ್ದ. "ಊರಿಗೆಲ್ಲ ನೀರು ಕೊಡೋರ ಹೆಂಡ್ತಿ ನಾನು. ಸಮುದ್ರ ಹೆಂಗಿರುತ್ತೆ ಅಂತ ಗೊತ್ತಿಲ್ಲ," ಎಂದು ಅವಳು ಆಗಾಗ ನೆನಪು ಮಾಡುವಳು. ಒಂದು ಸಲ ಚೀಲ ಕಟ್ಟಿ ಹೊಸ್ತಿಲು ದಾಟುವಾಗ ಲಾಡ್ಜಿನಿಂದ ಫೋನು ಬಂತು. ಕಕ್ಕಸಿನ ಫ್ಲಶ್ಶಿನಲ್ಲಿ ಕುದಿಯುವ ನೀರು ಬಂದು, ಗಿರಾಕಿಗಳು ಚೀರಿಕೊಂಡು ಓಡುತ್ತಿದ್ದಾರೆ ಎಂದು. ಇನ್ನೊಂದು ಸಲ ಬಸ್‌ಸ್ಟ್ಯಾಂಡಿನಿಂದಲೇ ವಾಪಸು. ಸಮುದ್ರದ ದಂಡೆಯಲ್ಲಿ ತಿನ್ನಲೆಂದು ಕರಿದ ಚಕ್ಕುಲಿಯನ್ನು ಸಾವಂತ್ರಮ್ಮ ಜಗಲಿಯಲ್ಲಿ ಕೂತು ಸಿಟ್ಟಿನಿಂದ ಕಟಕಟ ಕಡಿದು ಮುಗಿಸಿದಳು.

ಕೊನೆಗೆ ಅವಳು ಗಂಡನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು, "ನನಗೆ ಮೊಣಕಾಲು ಹಿಡ್ಕೊಳ್ಳೋಕೆ ಶುರುವಾಗೈತೆ. ಇನ್ನು ತಡ ಮಾಡಿದ್ರೆ ಮರಳಲ್ಲಿ ನಡೆಯೋಕಾಗಲ್ಲ. ಈ ಸಲ ನೀವು ಬಂದ್ರೂ ಹೋಗ್ತೀನಿ, ಬರದಿದ್ರೂ ಹೋಗ್ತೀನಿ."

ಹೆಂಡತಿಯ ಮೇಲೆ ಪ್ರೀತಿ ಇಲ್ಲದವನಲ್ಲ ಕೊಟ್ರಪ್ಪ. ಮೊದಲ ಸಲ ಸಮುದ್ರ ಕಂಡಾಗ ಅವಳ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ ಅವನಿಗೂ ಇತ್ತು. ಮಾರನೆಯ ದಿನವೇ ಇಬ್ಬರೂ ಬಸ್ಸು ಹತ್ತಿದರು. ಕಿಟಕಿ ಪಕ್ಕ ಕೊಟ್ರಪ್ಪ, ಅವನ ಪಕ್ಕ ಸಾವಂತ್ರಮ್ಮ, ಅವಳ ತೊಡೆಯ ಮೇಲೆ ಹೊಸ ಚಕ್ಕುಲಿಯ ಡಬ್ಬಿ.

ಬಸ್ಸು ಶಿರಸಿ ಸಮೀಪಿಸುವಾಗ ಫೋನು ಬಂತು. ಮಾಬುಸಾಬ. "ಅಣ್ಣಾ, ಕಲ್ಯಾಣ ಮಂಟಪದಲ್ಲಿ ಮದುವೆ ನಡೀತೈತೆ. ಊಟದ ಹಾಲಿನ ಮೇಲಿನ ಪೈಪು ಒಡೆದು ಎಲೆ ಮೇಲೆಲ್ಲ ನೀರು ಬೀಳ್ತೈತೆ. ಪಾಯಸ ಯಾವುದು, ನೀರು ಯಾವುದು ಗೊತ್ತಾಗ್ತಿಲ್ಲ. ಕೆಂಪು ಚಕ್ರ ತಿರುಗಿಸಿದೆ, ನಿಲ್ಲವಲ್ದು. ಇನ್ನೊಂದು ಎಲ್ಲೈತೆ ಹೇಳು, ನಾನೇ ಬಂದ್ ಮಾಡ್ತೀನಿ."

ಕೊಟ್ರಪ್ಪನ ಎದೆ ಧಸಕ್ಕೆಂದಿತು. ನೀರು ಸೋರಿದ್ದಕ್ಕಲ್ಲ. ಇನ್ನೊಂದು ಇದೆ ಎನ್ನುವುದು ಇವನಿಗೆ ಹೇಗೆ ಗೊತ್ತಾಯಿತು ಎಂದು.

"ಇನ್ನೊಂದು ಅಂದ್ರೆ ಯಾವುದೋ?" ಅಂದ.

"ಅಣ್ಣಾ, ನಾನು ಚಹಾ ತರೋಕೆ ಹೋಗ್ತಿದ್ದೆ ನಿಜ. ಬುದ್ಧಿಯನ್ನೂ ಫ್ಲಾಸ್ಕಲ್ಲಿ ಹಾಕ್ಕೊಂಡು ಹೋಗ್ತಿದ್ನಾ?"

ಸಾವಂತ್ರಮ್ಮನಿಗೂ ಕೇಳಿಸುತ್ತಿತ್ತು. ಅವಳು ಗಂಡನ ತೋಳು ಹಿಡಿದು, "ಹೇಳಿಬಿಡ್ರೀ. ಒಂದು ಮಾತು ಅಷ್ಟೇ. ಅವನು ನಮ್ಮೋನೇ ಅಲ್ವಾ?" ಅಂದಳು. ಅವಳ ದನಿಯಲ್ಲಿ ಅಂಗಲಾಚಿಕೆ ಇತ್ತು.

ಹೌದು, ಒಂದೇ ಮಾತು. ಪಾತ್ರೆ ಕೋಣೆಯ ಮೂಲೆಯ ಟೈಲ್ಸು ಎಂದರೆ ಮುಗಿಯಿತು. ಕೊಟ್ರಪ್ಪ ಬಾಯಿ ತೆರೆದ. ಆ ಮಾತು ನಾಲಿಗೆಯ ತುದಿಗೆ ಬಂತು. ಇದನ್ನು ಹೇಳಿದರೆ ನಾಳೆ ಹಾಸ್ಟೆಲ್ಲಿನದು ಕೇಳುತ್ತಾನೆ, ನಾಡಿದ್ದು ಲಾಡ್ಜಿನದು. ಆಮೇಲೆ ನನ್ನನ್ನು ಯಾರು ಕೇಳುತ್ತಾರೆ? ಅವನು ಬಾಯಿ ಮುಚ್ಚಿಕೊಂಡ. ಮತ್ತೆ ತೆರೆದಾಗ ಬೇರೆಯೇ ಮಾತು ಹೊರಬಿತ್ತು.

"ಯಾರೂ ಏನೂ ಮುಟ್ಟಬೇಡಿ. ನಾನೇ ಬರ್ತೀನಿ."

ಶಿರಸಿಯಲ್ಲಿ ಬಸ್ಸು ನಿಂತಿತು. ಕೊಟ್ರಪ್ಪ ಎದ್ದ. "ಏಳೇ, ಇಳಿಯೋಣ. ಮುಂದಿನ ತಿಂಗಳು ಖಂಡಿತ..."

ಸಾವಂತ್ರಮ್ಮ ಅವನಿಗೆ ದಾರಿ ಬಿಟ್ಟು, ಕಿಟಕಿ ಪಕ್ಕಕ್ಕೆ ಸರಿದು ಕೂತಳು. ಕಣ್ಣಲ್ಲಿ ನೀರಿತ್ತು. ಆದರೂ ಡಬ್ಬಿ ತೆಗೆದು ಎರಡು ಚಕ್ಕುಲಿ ಅವನ ಕೈಗಿಟ್ಟಳು. "ದಾರಿಯಲ್ಲಿ ತಿನ್ಕೊಳ್ರಿ. ನಾನು ಇಳಿಯಲ್ಲ," ಅಂದಳು. ಬಸ್ಸು ಹೊರಟುಹೋಯಿತು.

ಕೊಟ್ರಪ್ಪ ಸಿಕ್ಕ ಬಸ್ಸು, ಸಿಕ್ಕ ಲಾರಿ ಹತ್ತಿ, ಧೂಳು ತಿಂದು, ಸಂಜೆ ಹೊತ್ತಿಗೆ ಊರು ಸೇರಿದ. ದಾರಿಯುದ್ದಕ್ಕೂ ಅವನ ಕಣ್ಣಿಗೆ ಕಟ್ಟಿದ್ದು ಒಂದೇ ನೋಟ. ಮಂಟಪದ ತುಂಬ ಮೊಣಕಾಲುದ್ದ ನೀರು. ಬೀಗರು ಕೈಕೈ ಹಿಸುಕಿಕೊಳ್ಳುತ್ತಿದ್ದಾರೆ. ತಾನು ಒಳಗೆ ಕಾಲಿಟ್ಟ ಕೂಡಲೇ, "ಬಂದ್ರು, ಬಂದ್ರು" ಎಂದು ಎಲ್ಲರೂ ದಾರಿ ಬಿಡುತ್ತಿದ್ದಾರೆ.

ಹೋಗಿ ನೋಡಿದರೆ ಅಂಗಳದ ಶಾಮಿಯಾನದ ಕೆಳಗೆ ಕೊನೆಯ ಪಂಕ್ತಿಯ ಊಟ ನಡೆದಿತ್ತು. ಮದುಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಳಗೆ ಮಾಬುಸಾಬ ಲುಂಗಿ ಎತ್ತಿ ಕಟ್ಟಿಕೊಂಡು ನೆಲ ಬಳಿಯುತ್ತಿದ್ದ.

"ನೀರು?" ಎಂದು ಕೊಟ್ರಪ್ಪ ಏದುಸಿರು ಬಿಟ್ಟ.

"ನಿಂತುಹೋಯ್ತಲ್ಲಣ್ಣ."

"ಯಾರು ನಿಲ್ಲಿಸಿದ್ದು?"

"ಯಾರೂ ಇಲ್ಲ. ಮೋಟರ್ ಬಂದ್ ಮಾಡಿದ್ವಿ. ಟ್ಯಾಂಕಲ್ಲಿದ್ದದ್ದು ಖಾಲಿಯಾಯ್ತು, ತಾನೇ ನಿಂತ್ಕೊಂತು. ಎಲೆ ಎತ್ಕೊಂಡು ಆಚೆ ಬಂದು ಉಂಡ್ರು ಜನ. ನೀನೂ ಕೂತ್ಕೊ, ಇನ್ನೂ ಅನ್ನ ಬಿಸಿಯಾಗೈತೆ."

ಕೊಟ್ರಪ್ಪ ಪಂಕ್ತಿಯ ತುದಿಯಲ್ಲಿ ಕೂತ. ಪಕ್ಕದವರು ಅವನನ್ನು ಗಂಡಿನ ಕಡೆಯವನೋ ಹೆಣ್ಣಿನ ಕಡೆಯವನೋ ಎಂದು ವಿಚಾರಿಸಿದರು. ಯಾವ ಕಡೆಯವನು ಎಂದು ಹೇಳಲಿ? ಸುಮ್ಮನೆ ಅನ್ನ ಕಲಸಿದ.

ಹೊತ್ತು ಮುಳುಗುವಾಗ ಫೋನು ಬಂತು. ಮೊದಲು ಮಾತಿಲ್ಲ, ಬರೀ ಭೋರ್ ಎನ್ನುವ ಸದ್ದು. ಕಸುಬಿನವನಲ್ಲವೇ, ಯಾವುದೋ ದೊಡ್ಡ ಪೈಪೇ ಒಡೆದಿದೆ ಎಂದುಕೊಂಡು, "ಹಲೋ, ಎಲ್ಲಿಂದ ಮಾತಾಡೋದು? ಮೊದಲು ಮೋಟರ್ ಬಂದ್ ಮಾಡಿ!" ಎಂದು ಕೂಗಿದ.

ಆ ಕಡೆ ಸಾವಂತ್ರಮ್ಮ ಬಿದ್ದು ಬಿದ್ದು ನಕ್ಕಳು. "ಅಯ್ಯೋ ನಿಮ್ಮ, ಇದು ಸಮುದ್ರ ಕಣ್ರೀ! ಕಾಲು ಮುಳುಗಿಸಿಕೊಂಡು ನಿಂತಿದೀನಿ. ಎಂಥಾ ನೀರು ಅಂತೀರಿ! ಕಣ್ಣು ಹಾಯೋವರೆಗೂ ನೀರೇ." ಆಮೇಲೆ ಅವಳ ನಗು ನಿಂತಿತು. "ಇಷ್ಟೊಂದು ನೀರೈತೆ. ಆದ್ರೆ ನಿಮ್ಮನ್ನ ಕೇಳೋರು ಇಲ್ಲಿ ಒಬ್ಬರೂ ಇಲ್ಲ. ನಾನೊಬ್ಬಳೇ ಕೇಳ್ತಿದ್ದೆ. ನೀವು ಬರಲಿಲ್ಲ."

ಕೊಟ್ರಪ್ಪ ಫೋನು ಕಿವಿಗಿಟ್ಟುಕೊಂಡು, ಎಂಜಲು ಕೈ ಒಣಗುವವರೆಗೂ ಆ ಸದ್ದನ್ನೇ ಕೇಳುತ್ತ ಕೂತ.

ಇಷ್ಟು ಹೇಳಿ ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕಾದು ನೋಡಿದ. ಗುರುಗಳು ಮುಂದುವರಿಸುವಂತೆ ಕಾಣಲಿಲ್ಲ.

"ಆಮೇಲಾದರೂ ಅವನು ಸಮುದ್ರ ನೋಡಿದನೇ, ಬುದ್ಧಿ?" ಎಂದು ಕೇಳಿದ.

"ಅವನು ನೋಡಿದನೋ ಬಿಟ್ಟನೋ, ಹೋದ ತಿಂಗಳು ನಿನ್ನ ತಂಗಿಯ ಮದುವೆಯ ದಿನ ನೀನು ಎಲ್ಲಿದ್ದೆ?" ಎಂದರು ಗುರುಗಳು.

ಚೆನ್ನವೀರ ಚೂರ್ಣ ಕುಟ್ಟುವ ಕೋಣೆಯ ಅಗುಳಿಯ ಕಡೆ ನೋಡಿದ.