ಗರಡಿಯಲ್ಲಿ ಎಣಿಕೆ ಯಾರದು

“ಕಡುಗಲಿಪುರದ ಉದ್ದಂಡರಾಯರ ಅಪ್ಪಣೆ. ಯುವರಾಜರಿಗೆ ಸಾಮು ಕಲಿಸಲು ಹೊಸ ವಸ್ತಾದ ಬೇಕಾಗಿದ್ದಾನೆ. ಬಂದವನು ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ವಸ್ತಾದಿಕೆಯ ತಾಮ್ರದ ಮುದ್ರೆ. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ನೆಲಕ್ಕೆ.”

ಡಂಗುರ ಕೇಳಿ ಊರು ಹುಬ್ಬು ಗಂಟಿಕ್ಕಿತು. ಇದ್ದ ವಸ್ತಾದ ಪುಟ್ಟಬಸಪ್ಪ ಮೂರು ತಿಂಗಳಿಂದ ಸೆರೆಯಲ್ಲಿದ್ದ. ಆಯುಧಪೂಜೆಯ ಹಿಂದಿನ ದಿನ ಕಲ್ಲುಗದೆ ತಿರುಗಿಸುತ್ತಿದ್ದ ಯುವರಾಜನ ಬಲಭುಜ ಕಳಚಿಹೋಗಿತ್ತು. ಯಾರೋ ಬೇಕೆಂದೇ ಮಾಡಿಸಿದ್ದಾರೆಂದು ರಾಜರಿಗೆ ಗುಮಾನಿ. ಹಾಲನ್ನು ಮೊದಲು ಬೆಕ್ಕಿಗೆ ಕುಡಿಸುತ್ತಿದ್ದರು, ಬೆಕ್ಕಿಗೆ ಹಾಲಿಟ್ಟವಳ ಮೇಲೂ ಒಂದು ಕಣ್ಣಿಟ್ಟಿದ್ದರು. ವಸ್ತಾದ ಬಾಯಿ ಬಿಡದಿದ್ದುದರಿಂದ ಅವನ ತಲೆಗೂ ಅದೇ ಅಮಾವಾಸ್ಯೆ ಗೊತ್ತಾಗಿತ್ತು.

ಆದರೂ ಮುದ್ರೆಯ ಆಸೆಗೆ ಜನ ಬಂದರು. ಛತ್ರದ ಜಗಲಿಯ ಮೇಲೆ ಕೂತು ಎಲುಬಿನ ಹೆಸರು, ನರದ ಹೆಸರು ಉರು ಹೊಡೆದರು. ಒಬ್ಬ ಗಡ್ಡದವನು ‘ಹೋದ ಸಲ ಕೇಳಿದ ಒಗಟುಗಳು’ ಎಂದು ಓಲೆಗರಿ ಮಾರಿದ. ಹೋದ ಸಲ ಎಂಬುದೇ ಇರಲಿಲ್ಲ. ಓದಿದವರು ಅದನ್ನೂ ಕೊಂಡರು, ಪಕ್ಕದವನಿಗೆ ಕಾಣದಂತೆ ಓದಿದರು.

ಗರಡಿಯ ಕೆಂಪು ಮಣ್ಣಿಗೆ ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿ ದಿನಾ ಅಗೆದು ಹಸನು ಮಾಡುತ್ತಿದ್ದವನು ದ್ಯಾವಣ್ಣ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿದ್ದು ವಸ್ತಾದನೇ. ಓದು ಬರುತ್ತಿರಲಿಲ್ಲ. ಅವನು ಪರೀಕ್ಷೆಗೆ ತಯಾರಾಗಲು ಸೆರೆಮನೆಗೇ ಹೋದ.

“ನೀನು ಸಭೆಗೆ ಹೋಗಬ್ಯಾಡ ಕಣೋ,” ಎಂದ ಪುಟ್ಟಬಸಪ್ಪ. “ಅದು ಒಗಟಲ್ಲ, ಬಲೆ.”

“ಒಂದೇ ಮಾತು ಹೇಳಿ. ಅವತ್ತು ನಾನು ಗೋಡೆ ಆಚೆ ನೀರು ಸೇದ್ತಿದ್ದೆ. ಸಾಕು ಅಂತ ನೀವು ತೊಡೆ ತಟ್ಟಿದ್ದು ಕೇಳಿಸ್ತು. ನೀವು ತಟ್ಟಿದ ಮೇಲೆ ಯಾವ ಪೈಲ್ವಾನನೂ ಗದೆ ಎತ್ತಲ್ಲ. ಅವತ್ತು ಆಮೇಲೂ ಒಂದು ಸಲ ಗದೆ ಬೀಸಿದ ಸದ್ದು ಬಂತು, ಯಾಕೆ?”

ಮುದುಕ ಗೋಡೆಯ ಕಡೆ ತಿರುಗಿ ಕೂತ. “ಅವರ ಉಪ್ಪು ತಿಂದಿದೀನಿ,” ಎಂದಷ್ಟೇ ಹೇಳಿದ. ದ್ಯಾವಣ್ಣನಿಗೆ ಅಷ್ಟು ಸಾಕಾಯಿತು.

ಸಭೆ ಸೇರಿತು. ಕೈಯನ್ನು ಜೋಳಿಗೆಯಂಥ ಬಟ್ಟೆಯಲ್ಲಿ ತೂಗುಹಾಕಿಕೊಂಡ ಯುವರಾಜ ತಂದೆಯ ಪಕ್ಕದಲ್ಲಿದ್ದ. ಮೊದಲು ಎದ್ದವನು ರಣಭೀಮನೆಂಬ ಜಟ್ಟಿ. ರಾಜರು ಕೇಳಿದರು: “ಗರಡಿಯಲ್ಲಿ ಮಾಡುವ ಕೆಲಸವಲ್ಲ, ಆದರೆ ಅದಿಲ್ಲದೆ ಗರಡಿಯಲ್ಲಿ ಮಾಡಿದ್ದು ಯಾವುದೂ ಮೈಗೆ ಹತ್ತುವುದಿಲ್ಲ. ಅರಸನಿಗೂ ಆಳಿಗೂ ಪುಕ್ಕಟೆ. ಏನದು?”

“ಬಾದಾಮಿ ಹಾಲು,” ಎಂದ ಜಟ್ಟಿ ಎದೆ ಸೆಟೆಸಿ.

“ಪುಕ್ಕಟೆ ಬಾದಾಮಿ ನಿನಗೆ ಯಾರು ಕೊಡುತ್ತಿದ್ದಾರೆ?” ಎಂದು ರಾಜರು ಕಣ್ಣು ಕಿರಿದು ಮಾಡಿದರು. ಭಟರು ಅವನನ್ನು ಎಳೆದೊಯ್ದರು.

ಎರಡನೆಯವನು ವೈದ್ಯ ಅಳಸಿಂಗಾಚಾರ್ಯ. ಮೊದಲನೆಯದಕ್ಕೆ “ನಿದ್ರೆ” ಎಂದು ಪಾರಾದ. ರಾಜರು ಎರಡನೆಯದನ್ನು ಕೇಳಿದರು: “ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು. ಒಬ್ಬ ದುಡಿಯುವಾಗ ಇನ್ನೊಬ್ಬ ಸಡಿಲವಾಗುತ್ತಾನೆ. ಇಬ್ಬರೂ ಒಟ್ಟಿಗೆ ಹಟ ಹಿಡಿದರೆ ಮನೆ ಕದಲುವುದಿಲ್ಲ. ಯಾರವರು?”

“ತೋಳಿನ ಮುಂದಿನ ಮಾಂಸಖಂಡ, ಹಿಂದಿನ ಖಂಡ,” ಎಂದ ವೈದ್ಯ. ಸಭೆ ತಲೆದೂಗಿತು.

ಮೂರನೆಯದನ್ನು ಕೇಳುವಾಗ ರಾಜರ ದನಿ ಇಳಿಯಿತು. “ಕತ್ತಿಯಲ್ಲ, ವಿಷವಲ್ಲ. ಕಾವಲಿನವರು ಕೈಮುಗಿದು ಒಳಗೆ ಬಿಟ್ಟರು. ನನ್ನ ಮಗನ ಭುಜ ಕಳಚಿತು. ಯಾವುದದು?”

ಉತ್ತರ ರಾಜರಿಗೂ ಗೊತ್ತಿಲ್ಲವೆಂದು ಸಭೆಗೆ ಆಗ ಹೊಳೆಯಿತು. ವೈದ್ಯ ದ್ಯಾವಣ್ಣನತ್ತ ಬೆರಳು ಮಾಡಿದ. “ಮಣ್ಣಿಗೆ ಬೆರೆಸಿದ ಎಣ್ಣೆ. ಅದರಲ್ಲಿ ಮದ್ದು ಇತ್ತು. ಬೆರೆಸಿದವನು ಅಗೋ, ಅಲ್ಲಿ ನಿಂತಿದ್ದಾನೆ.”

“ಆ ಎಣ್ಣೆಯನ್ನು ಮೂರು ತಿಂಗಳಿಂದ ನಾನೇ ಮೈಗೆ ಹಚ್ಚಿಕೊಂಡು ನೋಡಿದ್ದೇನೆ,” ಎಂದರು ರಾಜರು. “ಇವನನ್ನೂ ಒಯ್ಯಿರಿ.” ಆಮೇಲೆ ದ್ಯಾವಣ್ಣನತ್ತ ತಿರುಗಿದರು. “ಮೊದಲಿನ ಎರಡನ್ನೂ ನೀನು ಕೇಳಿಸಿಕೊಂಡೆ. ಕದ್ದ ಉತ್ತರ ನನಗೆ ಬೇಡ. ಅವು ನಿಜವೆಂದು ತೋರಿಸು.”

ದ್ಯಾವಣ್ಣ ಯುವರಾಜನ ನೋಯದ ತೋಳನ್ನು ಹಿಡಿದ. “ಮಡಚಿ ಬುದ್ಧಿ. ಮುಂದಿಂದು ಗಟ್ಟಿ, ಹಿಂದಿಂದು ಮೆತ್ತಗೆ. ಈಗ ಎರಡನ್ನೂ ಬಿಗಿ ಮಾಡಿ. ನೋಡಿ, ಕೈ ಅಳ್ಳಾಡಲ್ಲ.” ಆಮೇಲೆ ಯುವರಾಜನ ಕಣ್ಣಿನ ಕೆಳಗಿನ ಕಪ್ಪನ್ನು ನೋಡಿದ. “ಇವರು ಮೂರು ತಿಂಗಳಿಂದ ನಿದ್ದೆ ಮಾಡಿಲ್ಲ. ಅದಕ್ಕೇ ಭುಜ ಕೂಡಿಕೊಂಡಿಲ್ಲ.”

“ಮೂರನೆಯದು?”

“ಗರಡಿಲಿ ಎಣಿಕೆ ವಸ್ತಾದಂದು. ಅವನು ತೊಡೆ ತಟ್ಟಿದ ಮೇಲೆ ದೇವರೇ ಬಂದರೂ ಗದೆ ಎತ್ತಿಸಬಾರದು. ಅವತ್ತು ಹನ್ನೊಂದನೇ ಸುತ್ತಿಗೆ ತಟ್ಟಿದರು. ಆಮೇಲೆ ಯಾರೋ ಒಂದು ಮಾತು ಆಡಿದರು.” ಅವನು ರಾಜರ ಮುಖವನ್ನೇ ನೋಡಿದ. “ಆ ಮಾತು ‘ಇನ್ನೊಂದು’. ವಸ್ತಾದನ ಮೇಲೆ ಎಣಿಸೋ ಧೈರ್ಯ ಈ ರಾಜ್ಯದಲ್ಲಿ ಒಬ್ಬರಿಗೇ ಇರೋದು, ಮಾಸ್ವಾಮಿ.”

ರಾಜರ ಕೈ ಕತ್ತಿಯ ಹಿಡಿಗೆ ಹೋಯಿತು. “ಸುಳ್ಳು. ನಾನು ಹುರಿದುಂಬಿಸಿದೆ, ಅಷ್ಟೆ.”

“ಹನ್ನೊಂದಕ್ಕೇ ಭುಜ ಉರಿಯುತ್ತಿತ್ತು, ಅಪ್ಪಾಜಿ,” ಎಂದ ಯುವರಾಜ ಮೆಲ್ಲಗೆ. “ನೀವು ಕೇಳಿದಿರಿ ಅಂತ ಎತ್ತಿದೆ.”

ಮೂರು ತಿಂಗಳು ಇಡೀ ಊರನ್ನು ಶಂಕಿಸಿದ್ದ ಕಣ್ಣು ಮೊದಲ ಸಲ ಕೆಳಗಿಳಿಯಿತು. ರಾಜರಿಗೆ ಅಳು ಬಂತು, ಅತ್ತರು. ಸಂಜೆಯೊಳಗೆ ಪುಟ್ಟಬಸಪ್ಪನೂ ಒಗಟಿನಲ್ಲಿ ತಪ್ಪಿದವರೂ ಹೊರಗೆ ಬಂದರು, ಎಲ್ಲರ ತಲೆಯೂ ಅವರವರ ಹೆಗಲ ಮೇಲೇ ಇತ್ತು. ತಾಮ್ರದ ಮುದ್ರೆ ದ್ಯಾವಣ್ಣನ ತೋಳಿಗೇರಿತು. ಮುದುಕ ಅದನ್ನು ಮುಟ್ಟಿ ನೋಡಿ, “ಮಣ್ಣು ಅಗೆಯೋದು ಬಿಡಬ್ಯಾಡ,” ಎಂದ.

ಭುಜ ಕೂಡಿಕೊಂಡ ಮೇಲೆ ಒಂದು ಬೆಳಿಗ್ಗೆ ಯುವರಾಜ ಮರದ ಹಗುರ ಗದೆ ಹಿಡಿದ. ರಾಜರು ಮಣ್ಣಿನ ಆಚೆ ನಿಂತು ನೋಡುತ್ತಿದ್ದರು. ಮೂರಕ್ಕೆ ದ್ಯಾವಣ್ಣ ತೊಡೆ ತಟ್ಟಿದ. ರಾಜರ ತುಟಿ ಅಲುಗಿತು.

ದ್ಯಾವಣ್ಣ ಗುಮಾನಿಯಿಂದ ತಿರುಗಿ ನೋಡಿದ. ರಾಜರು ಬಾಯಿ ಮುಚ್ಚಿಕೊಂಡರು.